ಎರಡು ಆಟಗಳ ತಾಳೆ

ನಮ್ಮ ಮನೆಯಲ್ಲಿ ನನ್ನ ಅಭಿಪ್ರಾಯವನ್ನು ಕೊನೆಯ ಸಲ ಕೇಳಿದವನು ಮದುವೆಯ ಫೋಟೊದವನು. "ಸ್ವಲ್ಪ ಪಕ್ಕಕ್ಕೆ ಸರೀತೀರಾ ಸಾರ್?" ಎಂದ. ಸರಿದೆ. ಅವತ್ತು ಸರಿಯಲು ಶುರು ಮಾಡಿದವನು ಹದಿನೇಳು ವರ್ಷದಿಂದ ಸರಿಯುತ್ತಲೇ ಇದ್ದೇನೆ. ಸೋಫಾದ ನಡುವಿನಿಂದ ತುದಿಗೆ, ತುದಿಯಿಂದ ಅದರ ಕೈಯ ಮೇಲಕ್ಕೆ, ಅಲ್ಲಿಂದ ಊಟದ ಮೇಜಿನ ಕುರ್ಚಿಗೆ. ಈಗ ಹಾಲಿನಲ್ಲಿ ನನ್ನದೆಂದು ಹೇಳಿಕೊಳ್ಳಬಹುದಾದ ಆಸನ ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಸ್ಟೂಲು ಮಾತ್ರ. (ಅದರ ಒಂದು ಕಾಲು ಗಿಡ್ಡ. ಆದರೂ ನನ್ನದು.)

ಸೋಫಾದ ಸಾಮ್ರಾಜ್ಯವನ್ನು ಇಬ್ಬರು ಹಂಚಿಕೊಂಡಿದ್ದಾರೆ. ಎಡಗಡೆ ನನ್ನ ಹೆಂಡತಿ. ಆಸ್ಪತ್ರೆಯ ಲ್ಯಾಬಿನಲ್ಲಿ ಸೂಜಿ ಚುಚ್ಚಿ ರಕ್ತ ತೆಗೆಯುವುದು ಅವಳ ಉದ್ಯೋಗ. ಮನೆಯಲ್ಲಿ ಅದೇ ಕೆಲಸವನ್ನು ಸೂಜಿ ಇಲ್ಲದೆ, ಸಂಬಳವಿಲ್ಲದೆ, ಸೇವಾ ಮನೋಭಾವದಿಂದ ಮಾಡುತ್ತಾಳೆ. ಬಲಗಡೆ ಅವಳ ತಂದೆ, ಅಂದರೆ ನನ್ನ ಮಾವ. ಮೂವತ್ತಾರು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಒಮ್ಮೆ ಸ್ವಂತ ತಮ್ಮನಿಗೇ ದಂಡ ಹಾಕಿ ರಸೀದಿ ಹರಿದುಕೊಟ್ಟ ಧರ್ಮಮೂರ್ತಿ. ಈಗಲೂ ನಾನು ಹೊರಗಿನಿಂದ ಬಂದರೆ ಕನ್ನಡಕದ ಮೇಲಿಂದ ನೋಡುವ ಆ ನೋಟಕ್ಕೆ ನನ್ನ ಕೈ ತಾನೇ ಜೇಬಿಗೆ ಹೋಗುತ್ತದೆ.

ಇವರಿಬ್ಬರ ಎದುರಿಗೆ ಟಿವಿ. ಟಿವಿಯ ಕೆಳಗೆ ಒಂದು ಕಪ್ಪು ಡಬ್ಬ. ಅದೇ ಗೇಮಿನ ಡಬ್ಬ. ಈ ಕಥೆಯ ಸಕಲ ಅನರ್ಥಗಳ ಮೂಲ.

ಡಬ್ಬ ಬಂದದ್ದಕ್ಕೆ ಕಾರಣವಿದೆ. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಮನೆಗೆ ಬಂದರು. ಬಂದವರು ಮೂರು ತಿಂಗಳು ಬಾಯಿ ಬಿಡಲಿಲ್ಲ. ಕೊಟ್ಟದ್ದನ್ನು ಉಂಡು, ಕಿಟಕಿಯ ಹತ್ತಿರ ಕೂತು, ಕತ್ತಲಾದರೆ ಎದ್ದು ಹೋಗಿ ಮಲಗುತ್ತಿದ್ದರು. ಏನು ಮಾಡಬೇಕೆಂದು ತೋಚದೆ ಹೆಂಡತಿ ಒಂದು ದಿನ ಈ ಡಬ್ಬವನ್ನೂ ಅದರೊಳಗೊಂದು ಆಟವನ್ನೂ ತಂದು ಅವರ ಕೈಗೆ ಕಂಟ್ರೋಲರ್ ಕೊಟ್ಟಳು. ಮೊದಲ ದಿನ ಮಾವ ಆಟದೊಳಗಿನ ಕುದುರೆಯ ಮೇಲಿಂದ ಹನ್ನೊಂದು ಸಲ ಬಿದ್ದರು. ಹನ್ನೆರಡನೆಯ ಸಲ ಕೂತರು. ಅವತ್ತು ಊಟಕ್ಕೆ ತಾವಾಗಿ ಬಂದು, "ಇನ್ನೊಂದ್ ಸ್ವಲ್ಪ ಬಡಿಸಮ್ಮ" ಎಂದರು. ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ಅತ್ತು ಬಂದಳು. ಹಾಗಾಗಿ ಆ ಡಬ್ಬವನ್ನು ಬಯ್ಯುವಾಗಲೂ ನಾನು ಸ್ವಲ್ಪ ಮೆತ್ತಗೆ ಬಯ್ಯುತ್ತೇನೆ.

ನನ್ನಂಥ ಅಜ್ಞಾನಿಗಳಿಗಾಗಿ ಆ ಆಟದ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ಲೋಕ. ಅದು ಇವತ್ತೋ ನಾಳೆಯೋ ಮುಳುಗಿಹೋಗುತ್ತದೆ. ಅದನ್ನು ಉಳಿಸಬಲ್ಲವರು ಆಡುವವರೊಬ್ಬರೇ. ಈ ಸುದ್ದಿಯನ್ನು ಒಬ್ಬ ಮುದುಕ ಗದ್ಗದ ಕಂಠದಿಂದ ಹೇಳುತ್ತಾನೆ. ಆಡುವವರು ಅದನ್ನು ಕೇಳಿಸಿಕೊಂಡು, "ಆಯ್ತು" ಎಂದು ಹೇಳಿ, ಅಣಬೆ ಕೀಳಲು ಹೋಗುತ್ತಾರೆ. ಬೇಕಾದರೆ ಒಂದು ವರ್ಷ ಅಣಬೆ ಕೀಳಬಹುದು, ಲೋಕ ಕಾಯುತ್ತದೆ. ಯಾರ ಮನೆಗೆ ಬೇಕಾದರೂ ನುಗ್ಗಬಹುದು. ಬೀರು ತೆಗೆದು ಚಮಚ ಎತ್ತಿಕೊಳ್ಳಬಹುದು. ಮನೆಯವರು ಪಕ್ಕದಲ್ಲೇ ನಿಂತು, "ಇವತ್ತು ಗಾಳಿ ಜೋರು" ಎನ್ನುತ್ತಾರೆ. ಎಲ್ಲಿಗೆ ಬೇಕಾದರೂ ಹೋಗಬಹುದು, ಏನು ಬೇಕಾದರೂ ಮಾಡಬಹುದು, ಯಾರೂ ಕೇಳುವುದಿಲ್ಲ. ಮದುವೆಯಾದ ಗಂಡಸಿಗೆ ಇಂಥದ್ದೊಂದು ಲೋಕವಿದೆ ಎಂದು ನಂಬುವುದೇ ಕಷ್ಟ.

ಮಾವ ಮೂರು ವರ್ಷ ಆ ಲೋಕದಲ್ಲಿ ಬಾಳಿದರು. ಅಲ್ಲಿ ಮನೆ ಕಟ್ಟಿದರು. ಹೀಗಿರುವಾಗ ಹೆಂಡತಿ ತನಗೆಂದು ಇನ್ನೊಂದು ಹೊಸ ಆಟ ತಂದಳು. ಅಲ್ಲಿಂದ ಶುರುವಾಯಿತು ನೋಡಿ. ಒಂದು ಭಾನುವಾರ ಅವಳು ಆಡುತ್ತಿದ್ದಾಗ ಮಾವ ಕನ್ನಡಕ ಒರೆಸಿಕೊಂಡು ಹತ್ತು ನಿಮಿಷ ನೋಡಿದರು.

"ಇದು ನನ್ನ ಆಟದ ನಕಲು ಕಣಮ್ಮ," ಎಂದು ತೀರ್ಪು ಕೊಟ್ಟರು.

"ಏನಪ್ಪಾ ನೀವು! ಇದೇ ಬೇರೆ, ಅದೇ ಬೇರೆ."

"ನಿನ್ನದರಲ್ಲಿ ಕುದುರೆ ಇದೆಯೋ ಇಲ್ಲವೋ?"

"ಕುದುರೆ ಇದ್ದ ಮಾತ್ರಕ್ಕೆ? ನಮ್ಮನೇಲೂ ಫ್ಯಾನ್ ಇದೆ, ಎದುರು ಮನೇಲೂ ಫ್ಯಾನ್ ಇದೆ. ಎರಡೂ ಒಂದೇ ಮನೇನಾ?"

"ಕತ್ತಿ?"

"ಇದೆ."

"ಲೋಕ ಮುಳುಗ್ತಾ ಇದೆಯೋ?"

"ಮುಳುಗ್ತಾ ಇದೆ."

"ಮುದುಕ?"

"ಇದಾನೆ. ಆದ್ರೆ ನನ್ನ ಆಟದಲ್ಲಿ ಸಮುದ್ರ ಇದೆ ಅಪ್ಪ! ಹಡಗಲ್ಲಿ ಹೋಗ್ಬಹುದು. ಯಾವ ಗೋಡೆ ಬೇಕಾದ್ರೂ ಹತ್ತಬಹುದು."

"ಬಾಗಿಲಿರುವಾಗ ಗೋಡೆ ಯಾಕಮ್ಮ ಹತ್ತಬೇಕು? ಅದು ಕಳ್ಳರ ಕೆಲಸ," ಎಂದರು ಮಾವ.

ಇಷ್ಟರಲ್ಲೇ ಮುಗಿದಿದ್ದರೆ ನಾನು ಸ್ಟೂಲಿನ ಮೇಲೆ ಸುಖವಾಗಿ ಇರುತ್ತಿದ್ದೆ. ಆದರೆ ಮರುವಾರ ಹೊಸ ಆಟಕ್ಕೆ ಒಂದು ದೊಡ್ಡ ಹೆಚ್ಚುವರಿ ಭಾಗ ಬಂತು. ಅದನ್ನು ಹಾಕಲು ಹೋದರೆ ಡಬ್ಬ, "ಜಾಗ ಸಾಲದು, ಏನನ್ನಾದರೂ ಅಳಿಸಿ" ಎಂದು ಹಟ ಹಿಡಿಯಿತು. ಅದರೊಳಗಿದ್ದುದು ಎರಡೇ ಆಟ. ಅಂದರೆ ಹೊಸದು ಪೂರ್ತಿ ಬರಬೇಕಾದರೆ ಹಳೆಯದು ಹೋಗಬೇಕು. ಹಳೆಯದು ಉಳಿಯಬೇಕಾದರೆ ಹೊಸದು ಅರ್ಧಕ್ಕೇ ನಿಲ್ಲಬೇಕು.

"ನೀವು ಅದನ್ನ ಮೂರು ಸಲ ಮುಗಿಸಿದೀರಪ್ಪ. ಇನ್ನೇನಿದೆ ಅದ್ರಲ್ಲಿ?" ಎಂದಳು ಹೆಂಡತಿ.

"ನನ್ನ ಮನೆ ಇದೆ," ಎಂದರು ಮಾವ. ಅಷ್ಟೇ ಹೇಳಿ ಎದ್ದು ಹೋಗಿ ಕಿಟಕಿಯ ಹತ್ತಿರದ ಹಳೇ ಕುರ್ಚಿಯಲ್ಲಿ ಕೂತರು. ಆ ಕುರ್ಚಿಯಲ್ಲಿ ಅವರನ್ನು ಮತ್ತೆ ನೋಡಿದಾಗ ನನಗೆ ಆ ಮೂರು ತಿಂಗಳು ನೆನಪಾಯಿತು. ಹೆಂಡತಿಗೂ ಹಾಗೇ ಆಗಿರಬೇಕು. ಆದರೆ ಅವಳು ಹಟದಲ್ಲಿ ಅಪ್ಪನ ಮಗಳು. ಇಬ್ಬರೂ ಮಾತು ಬಿಟ್ಟರು.

ಅಲ್ಲಿಂದ ನನಗೆ ಅಂಚೆ ಇಲಾಖೆಯ ಕೆಲಸ. "ರೀ, ಉಪ್ಪು ಈ ಕಡೆ ಕೊಡೋಕೆ ನಿಮ್ಮ ಮಾವನಿಗೆ ಹೇಳಿ." "ಅಳಿಯಂದ್ರೇ, ಉಪ್ಪು ಜಾಸ್ತಿ ತಿಂದ್ರೆ ಬಿ.ಪಿ. ಬರುತ್ತೆ ಅಂತ ನಿಮ್ಮ ಹೆಂಡತಿಗೆ ಹೇಳಿ." "ಬಿ.ಪಿ. ಯಾರಿಂದ ಬರ್ತಾ ಇದೆ ಅಂತ ಕೇಳ್ರೀ." ಮೂರು ಅಡಿ ಮೇಜು. ಉಪ್ಪಿನ ಡಬ್ಬಿ ಸರಿಯಾಗಿ ನಡುವೆ. ನಾನು ಆ ತುದಿಯಿಂದ ಈ ತುದಿಗೆ ಮಾತು ಹೊತ್ತು ಹೊತ್ತು, ನನ್ನ ತಟ್ಟೆಯಲ್ಲಿದ್ದದ್ದು ಆರಿ ತಣ್ಣಗಾಗುತ್ತಿತ್ತು. ಐದನೆಯ ದಿನ ತಲೆ ಕೆಟ್ಟುಹೋಯಿತು. ಹಾಗೆ ಕೆಟ್ಟ ತಲೆಯಲ್ಲೇ ಆ ದಿವ್ಯವಾದ ಉಪಾಯ ಹೊಳೆಯಿತು.

ನನ್ನ ಉದ್ಯೋಗವನ್ನು ಇನ್ನೂ ಹೇಳಲಿಲ್ಲ ಅಲ್ಲವೇ? (ಮನೆಯಲ್ಲೂ ಯಾರೂ ಕೇಳುವುದಿಲ್ಲ.) ನಾನು ದಾಖಲೆಗಳ ಕಚೇರಿಯಲ್ಲಿ ತಾಳೆ ಗುಮಾಸ್ತ. ಅಸಲು ಕಾಗದ ಎಡಕ್ಕೆ, ನಕಲು ಬಲಕ್ಕೆ. ಸಾಲು ಸಾಲಾಗಿ ನೋಡಿ, ಒಂದೇ ಆಗಿದ್ದರೆ ಗುರುತು ಹಾಕುವುದು, ಬೇರೆಯಾಗಿದ್ದರೆ ಕೆಂಪು ಗೆರೆ ಎಳೆಯುವುದು. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಲ್ಪವಿರಾಮವೂ ನನ್ನ ಕಣ್ಣು ತಪ್ಪಿಸಿ ಹೋಗಿಲ್ಲ. ಎರಡು ವಸ್ತುಗಳು ಒಂದೇಯೋ ಬೇರೆಯೋ ಎಂದು ಹೇಳಲು ಈ ಭೂಮಂಡಲದಲ್ಲಿ ನನಗಿಂತ ಯೋಗ್ಯನಾರು? ಅಂಥ ರತ್ನವನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಇವರು ಜಗಳವಾಡುತ್ತಿದ್ದಾರೆ!

ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಹೇಳಿದೆ: "ನಾನು ತಾಳೆ ನೋಡ್ತೀನಿ."

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಫ್ರಿಜ್ಜು ಎದ್ದು ಬಂದು ಮಾತಾಡಿದ್ದರೂ ಇಷ್ಟು ಆಶ್ಚರ್ಯವಾಗುತ್ತಿರಲಿಲ್ಲ ಎಂದು ಕಾಣುತ್ತದೆ.

"ನೀವಾ? ನಿಮಗೆ ಟಿವಿ ಸೌಂಡ್ ಕಮ್ಮಿ ಮಾಡೋಕೇ ಬರಲ್ಲ," ಎಂದಳು ಹೆಂಡತಿ.

"ಅದಕ್ಕೇ ನಾನು ನಿಷ್ಪಕ್ಷಪಾತಿ," ಎಂದೆ. ನಾನೇ ಮೆಚ್ಚುವಂಥ ಉತ್ತರ. "ಎರಡೂ ಒಂದೇ ಅಂತ ಬಂದ್ರೆ ಹೊಸದು ನಕಲು. ನಕಲು ಹೋಗಬೇಕು. ಬೇರೆ ಬೇರೆ ಅಂತ ಬಂದ್ರೆ, ಮಾವ ಮೂರು ಸಲ ಮುಗಿಸಿರೋ ಹಳೇದು ಹೋಗಬೇಕು. ನಾನು ಹೇಳಿದ್ದೇ ಕೊನೆ. ಒಪ್ಪಿಗೇನಾ?"

ಮಾವ ಕನ್ನಡಕದ ಮೇಲಿಂದ ನೋಡಿದರು. ನನ್ನ ಕೈ ಜೇಬಿಗೆ ಹೋಯಿತು. "ಒಪ್ಪಿಗೆ. ಸತ್ಯಕ್ಕೆ ನಾನೇನೂ ಹೆದರಲ್ಲ ಅಂತ ನಿಮ್ಮ ಹೆಂಡತಿಗೆ ಹೇಳಿ," ಎಂದರು.

"ನಾನೂ ಹೆದರಲ್ಲ ಅಂತ ಹೇಳ್ರೀ," ಎಂದಳು ಅವಳು.

ಕಚೇರಿಗೆ ನಾಲ್ಕು ದಿನ ರಜೆ ಹಾಕಿದೆ. ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ನಡುವೆ ಗೆರೆ ಎಳೆದು ಎಡಕ್ಕೆ 'ಹಳೆಯದು', ಬಲಕ್ಕೆ 'ಹೊಸದು' ಎಂದು ಬರೆದೆ. ತಾಳೆ ನೋಡುವಾಗ ಕಕ್ಷಿದಾರರು ಹತ್ತಿರ ಇರಬಾರದು ಎಂಬುದು ನಮ್ಮ ಕಚೇರಿಯ ನಿಯಮ. ಹೆಂಡತಿ ಹೇಗೂ ಬೆಳಿಗ್ಗೆ ಆಸ್ಪತ್ರೆಗೆ ಹೋಗುತ್ತಾಳೆ. ಮಾವನನ್ನು ಒಳಗಿನ ಕೋಣೆಗೆ ಕಳಿಸಿ ಹಾಲಿನ ಬಾಗಿಲು ಹಾಕಿಕೊಂಡೆ. ಆಮೇಲೆ, ಹೇಳಲು ಸ್ವಲ್ಪ ಸಂಕೋಚ, ಸೋಫಾದ ನಟ್ಟನಡುವೆ ಕೂತೆ. ಆಹಾ! ಹದಿನೇಳು ವರ್ಷದಲ್ಲಿ ಅದೆಷ್ಟು ಮೆತ್ತಗಾಗಿದೆ!

ಡಬ್ಬ ಹಾಕುವ ಕ್ರಮವನ್ನು ಹೆಂಡತಿ ಚೀಟಿಯಲ್ಲಿ ಬರೆದಿಟ್ಟಿದ್ದಳು. ಡಬ್ಬದಲ್ಲಿ ಇಬ್ಬರಿಗೂ ಒಂದೊಂದು ಖಾತೆ. ಅವರವರು ಆಡಿದ್ದು ಅವರವರ ಖಾತೆಯಲ್ಲಿ ಉಳಿಯುತ್ತದೆ. ಮಾವನ ಖಾತೆ ತೆರೆದೆ. ಸಾಲಾಗಿ ಎರಡು ಚಿತ್ರ ಬಂದವು. ಮೊದಲನೆಯದರಲ್ಲಿ ಒಬ್ಬ ಕತ್ತಿ ಹಿಡಿದು ಬೆಟ್ಟದ ಮೇಲೆ ನಮಗೆ ಬೆನ್ನು ಹಾಕಿ ನಿಂತಿದ್ದ. ಎರಡನೆಯದರಲ್ಲೂ ಒಬ್ಬ ಕತ್ತಿ ಹಿಡಿದು ಬೆಟ್ಟದ ಮೇಲೆ ಬೆನ್ನು ಹಾಕಿ ನಿಂತಿದ್ದ. ಮಾವ ಆಡುವುದೇ ಮೊದಲು ಕಾಣಬೇಕಲ್ಲ ಎಂದು ಮೊದಲನೆಯದನ್ನು ಒತ್ತಿದೆ. ಮಾವ ಬಿಟ್ಟ ಜಾಗದಿಂದಲೇ ಆಟ ಶುರುವಾಯಿತು. ಆ ದಿನವೆಲ್ಲ ಕಂಡಕಂಡದ್ದನ್ನು ಎಡಗಡೆ ಬರೆದೆ. ಮರುದಿನ ಹೆಂಡತಿಯ ಖಾತೆ ತೆರೆದು ಅಲ್ಲಿಯೂ ಮೊದಲ ಚಿತ್ರವನ್ನೇ ಒತ್ತಿದೆ. ಚಿತ್ರದ ಮೇಲೆ ಏನೋ ದೊಡ್ಡ ಅಕ್ಷರದಲ್ಲಿ ಹೆಸರಿತ್ತು. ಓದಲಿಲ್ಲ. ಮುಖಪುಟವನ್ನು ತಾಳೆ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಒಳಗಿನ ಒಕ್ಕಣೆ ಮುಖ್ಯ.

ಒಳಗೆ ನೋಡಿದರೆ ಮಾವ ಹೇಳಿದ್ದೇ ನಿಜ ಎನಿಸತೊಡಗಿತು! ಅಲ್ಲಿ ಬೆಟ್ಟದ ಬುಡದಲ್ಲಿ ಊರು, ಇಲ್ಲಿಯೂ ಬೆಟ್ಟದ ಬುಡದಲ್ಲಿ ಊರು. ಅಲ್ಲಿ ಸೇತುವೆಯ ಹತ್ತಿರ ಹಿಟ್ಟಿನ ಗಿರಣಿ, ಇಲ್ಲಿಯೂ ಸೇತುವೆಯ ಹತ್ತಿರ ಹಿಟ್ಟಿನ ಗಿರಣಿ. ಗಿರಣಿ ನಡೆಸುವ ಹೆಂಗಸಿಗೆ ಎರಡರಲ್ಲೂ ಎಡಗಣ್ಣಿನ ಮೇಲೆ ಪಟ್ಟಿ. ನಕಲು ಮಾಡುವವನಿಗೆ ನಾಚಿಕೆ ಬೇಡವೇ? ಕಣ್ಣನ್ನಾದರೂ ಬಲಗಡೆಗೆ ಬದಲಾಯಿಸಬಾರದಿತ್ತೇ? ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಇಷ್ಟು ನಿರ್ಲಜ್ಜವಾದ ನಕಲನ್ನು ನಾನು ಕಂಡಿರಲಿಲ್ಲ. ಸಾಮ್ಯಗಳ ಪಟ್ಟಿ ಬೆಳೆಯುತ್ತಾ ಹೋಯಿತು. ನಾಯಿಯ ಬಾಲ, ಬಾವಿಯ ಹಗ್ಗ, ಮುದುಕನ ಕೆಮ್ಮು, ಎಲ್ಲಕ್ಕೂ ಗುರುತು ಹಾಕಿದೆ.

ಆದರೂ ನಾನು ನ್ಯಾಯವಂತ. ಹೆಂಡತಿಯ ಪರವಾಗಿಯೂ ಹುಡುಕಿದೆ. ಅವಳು ಹೇಳಿದ ಸಮುದ್ರಕ್ಕಾಗಿ ಒಂದು ಇಡೀ ಮಧ್ಯಾಹ್ನ ಕುದುರೆ ಓಡಿಸಿದೆ. ಕುದುರೆ ಸುಸ್ತಾಯಿತು, ನನ್ನ ಹೆಬ್ಬೆರಳು ಊದಿಕೊಂಡಿತು, ಸಮುದ್ರ ಸಿಗಲಿಲ್ಲ. 'ಸಮುದ್ರ: ಹೇಳಿಕೆಯಲ್ಲಿದೆ, ದಾಖಲೆಯಲ್ಲಿಲ್ಲ' ಎಂದು ಬರೆದುಕೊಂಡೆ. ಗೋಡೆ ಹತ್ತಲು ನೋಡಿದೆ. ಗೋಡೆಗೆ ಮುಖ ತಿಕ್ಕಿಕೊಂಡು ನಿಂತದ್ದೇ ಬಂತು. ಪಾಪ, ಹೆಂಡತಿ ಸೋಲುವ ಭಯಕ್ಕೆ ಸ್ವಲ್ಪ ಉತ್ಪ್ರೇಕ್ಷೆ ಮಾಡಿದ್ದಾಳೆ, ಹೋಗಲಿ ಎಂದು ಕ್ಷಮಿಸಿದೆ. ಹಾಗಿದ್ದೂ ಹುಡುಕಿ ಹುಡುಕಿ ಹದಿನಾಲ್ಕು ವ್ಯತ್ಯಾಸಗಳನ್ನು ಹೆಕ್ಕಿ ತೆಗೆದೆ. ಅವು ಅಂಥಿಂಥ ಕಣ್ಣಿಗೆ ಕಾಣುವಂಥವಲ್ಲ.

ನಾಲ್ಕನೆಯ ದಿನ ಸಂಜೆ ಲೆಕ್ಕ ಹಾಕಿದೆ. ಇನ್ನೂರು ಅಂಶಗಳಲ್ಲಿ ನೂರ ಎಂಬತ್ತಾರು ಸಾಮ್ಯ, ಹದಿನಾಲ್ಕು ವ್ಯತ್ಯಾಸ. ಹೊಸದು ನಕಲು, ಸಂಶಯವೇ ಇಲ್ಲ. ನಮ್ಮ ಕಚೇರಿಯಲ್ಲಿ ಬೇಡದ ನಕಲು ಎಂದು ತೀರ್ಮಾನವಾದರೆ ಮೊದಲು ನಾಶ, ಆಮೇಲೆ ವರದಿ. ಯಾಕೆಂದರೆ ವರದಿ ಓದಿದ ಮೇಲೆ ಕಕ್ಷಿದಾರರು ಅಳುತ್ತಾರೆ, ಕಾಲಿಗೆ ಬೀಳುತ್ತಾರೆ, ಕೆಲಸ ಕೆಡುತ್ತದೆ. ಹೆಂಡತಿ ಅಳುವುದನ್ನು ನೋಡುವ ಧೈರ್ಯ ನನಗಂತೂ ಇಲ್ಲ. (ಅವಳು ಅಳದೇ ಇರುವುದನ್ನು ನೋಡುವ ಧೈರ್ಯ ಇನ್ನೂ ಕಮ್ಮಿ.) ಆದ್ದರಿಂದ ಅವಳ ಖಾತೆಗೆ ಹೋಗಿ, ನಾನು ತಾಳೆ ನೋಡಿದ ಆ ಚಿತ್ರದ ಮೇಲೆ ನಿಂತು, ಅಳಿಸು ಎಂದು ಒತ್ತಿದೆ. "ನಿಜವಾಗಿಯೂ ಅಳಿಸಲೇ?" ಎಂದಿತು ಡಬ್ಬ. ನನ್ನ ಅಭಿಪ್ರಾಯವನ್ನು ಅದಾದರೂ ಕೇಳಿತಲ್ಲ ಎಂದು ಸಂತೋಷದಿಂದ "ಹೌದು" ಒತ್ತಿದೆ.

ಹೆಂಡತಿ ಬಂದು ಕಾಫಿ ಮಾಡಿಕೊಂಡ ಮೇಲೆ ಇಬ್ಬರನ್ನೂ ಸೋಫಾದಲ್ಲಿ ಕೂರಿಸಿ ವರದಿ ಓದಲು ನಿಂತೆ. ಸಾಮ್ಯಗಳನ್ನು ಓದಿದರೆ ಊಟದ ಹೊತ್ತಾಗುತ್ತದೆಂದು ನೇರ ವ್ಯತ್ಯಾಸಗಳಿಗೇ ಬಂದೆ.

"ವ್ಯತ್ಯಾಸ ಒಂದು. ಗಿರಣಿ ನಡೆಸುವ ಹೆಂಗಸು ಹಳೆಯದರಲ್ಲಿ ನಮ್ಮನ್ನು ಕಂಡ ಕೂಡಲೇ ದಢಾರನೆ ಬಾಗಿಲು ಹಾಕಿಕೊಳ್ಳುತ್ತಾಳೆ. ಹೊಸದರಲ್ಲಿ 'ಬಾ ಮಗಳೇ, ಕೂತ್ಕೋ' ಎನ್ನುತ್ತಾಳೆ."

ಹೆಂಡತಿಯ ಕಾಫಿ ಲೋಟ ತುಟಿಯ ಹತ್ತಿರ ನಿಂತಿತು. "ರೀ, ಸಾಕು ಬಿಡಿ. ಒಪ್ಕೊಂಡೆ. ಎರಡೂ ಒಂದೇ," ಎಂದಳು.

"ಪೂರ್ತಿ ಕೇಳಬೇಕು. ವ್ಯತ್ಯಾಸ ಎರಡು. ಹಳೆಯದರಲ್ಲಿ ಕೆರೆ ಇದೆ, ಬಾತುಕೋಳಿಗಳಿಲ್ಲ. ಹೊಸದರಲ್ಲಿ ಹನ್ನೆರಡು ಬಾತುಕೋಳಿಗಳಿವೆ, ಹಿಂದೆಯೇ ಬರುತ್ತವೆ. ಮೂರು. ಕಾವಲುಗಾರರು ಹೊಸದರಲ್ಲಿ ಸಲಾಮು ಹೊಡೆಯುತ್ತಾರೆ. ಹಳೆಯದರಲ್ಲಿ ಈಟಿ ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ನಾಲ್ಕು. ಊರ ಗಂಟೆ ಹೊಸದರಲ್ಲಿ ಗೋಪುರದ ಮೇಲಿದೆ. ಹಳೆಯದರಲ್ಲಿ ಗೋಪುರ ಖಾಲಿ. ಗಂಟೆ ನಮ್ಮ ಮಲಗುವ ಕೋಣೆಯಲ್ಲಿದೆ. ಅದರ ಪಕ್ಕದಲ್ಲಿ ಇನ್ನೂರ ಹನ್ನೆರಡು ಚಮಚ, ನಲವತ್ತೊಂದು ಬಕೆಟ್ಟು..."

ಈಗ ಕೆಮ್ಮಿದವರು ಮಾವ. ಅವರ ಕಿವಿ ಕೆಂಪಾಗಿತ್ತು. ಆದರೆ ಮೂವತ್ತಾರು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ನಿಲ್ಲಿ ಅಳಿಯಂದ್ರೇ. ಆ ಗಿರಣಿಯೋಳು ಇವಳ ಆಟದಲ್ಲೂ ಇದಾಳಾ? ಕಣ್ಣಿಗೆ ಪಟ್ಟಿ?"

"ಎಡಗಣ್ಣಿಗೆ. ಸಾಮ್ಯ ಮೂವತ್ತೇಳು."

"ಅವಳ ನಾಯಿಗೆ ಎಷ್ಟು ಕಾಲು?"

"ಎರಡರಲ್ಲೂ ಮೂರೇ. ಸಾಮ್ಯ ಮೂವತ್ತೆಂಟು."

"ಸಮುದ್ರ ಸಿಕ್ತಾ ನಿಮಗೆ?"

"ದಾಖಲೆಯಲ್ಲಿಲ್ಲ."

ಮಾವ ನಿಧಾನವಾಗಿ ಮಗಳ ಕಡೆ ತಿರುಗಿದರು. ಐದು ದಿನಕ್ಕಿಂತ ಹೆಚ್ಚು ಕಾಲದ ಮೇಲೆ ನೇರವಾಗಿ ಅವಳೊಡನೆ ಮಾತಾಡಿದರು. "ಏನಮ್ಮ, ಟಿಕೆಟ್ ಇಲ್ದೆ ನನ್ನ ಗಾಡಿ ಹತ್ತಿದೀಯಲ್ಲ?"

ನನ್ನ ಹೆಂಡತಿ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ನೀವು ಬೆಳಿಗ್ಗೆ ವಾಕಿಂಗ್ ಹೋದಾಗ ಆಡ್ತಿದ್ದೆ ಅಪ್ಪ. ನನ್ನ ಖಾತೇಲಿ. ಕೊನೇಲಿ ಆಡಿದ್ದೇ ಮೊದಲು ಬರೋದಲ್ವಾ, ಅದಕ್ಕೇ ಅದು ಮೊದಲು ಬಂದಿದೆ. ಇವ್ರು ಅದನ್ನೇ ಒತ್ತಿದಾರೆ."

"ಯಾಕಮ್ಮ? ಹಳೇದು ಬೇಡ ಅಂತಿದ್ದವಳು ನೀನೇ ಅಲ್ವಾ?"

"ಅಮ್ಮ ಹೋದ್ಮೇಲೆ ನೀವು ನನ್ನ ಹತ್ರ ಮಾತಾಡಿದ್ದಕ್ಕಿಂತ ಆ ಗಿರಣಿಯೋಳ ಹತ್ರ ಮಾತಾಡಿದ್ದೇ ಜಾಸ್ತಿ. ದಿನಾ ಹೋಗಿ ಅವಳ ಬಾಗಿಲ ಮುಂದೆ ನಿಂತ್ಕೋತಿದ್ರಿ. ಎಂಥೋಳು ನೋಡ್ಕೊಂಡು ಬರೋಣ ಅಂತ ನಾನೂ ಹೋದೆ." ಮೂಗು ಒರೆಸಿಕೊಂಡಳು. "ಒಳ್ಳೆಯೋಳೇ ಅಪ್ಪ."

"ನಿನ್ನನ್ನ 'ಮಗಳೇ' ಅಂದ್ಳಾ?"

"ದಿನಾ ಅಂತಾಳೆ."

"ನಂಗೆ ಮೂರು ವರ್ಷದಿಂದ ಬಾಗಿಲೇ ತೆಗೆದಿಲ್ಲ," ಎಂದರು ಮಾವ. ದನಿ ಸಣ್ಣಗಾಗಿತ್ತು.

"ಅವಳ ಬಾತುಕೋಳಿನೆಲ್ಲ ಕದ್ರೆ ತೆಗೀತಾಳಾ? ಅಪ್ಪಾ, ಊರ ಗಂಟೆ! ಗಂಟೆ ಯಾಕಪ್ಪಾ ಕದ್ರಿ?"

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತಾರು ವರ್ಷ ಆಫೀಸಿಂದ ಒಂದು ಪೆನ್ಸಿಲ್ ಮನೆಗೆ ತಂದಿಲ್ಲಮ್ಮ ನಾನು. ಮನುಷ್ಯನಿಗೆ ಆಸೆ ಅಂತ ಇರಲ್ವಾ?"

ಮೊದಲು ನಕ್ಕವಳು ಹೆಂಡತಿ. ಆಮೇಲೆ ಮಾವ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅಂತೂ ಅಪ್ಪ ಮಗಳು ಒಂದಾದರು, ಅದೂ ನನ್ನ ವರದಿಯಿಂದ! ನಗುವಿನಲ್ಲಿ ಸೇರಿಕೊಳ್ಳೋಣವೆಂದು ನಾನೂ ಬಾಯಿ ತೆರೆದೆ. ಆಗ ಇಬ್ಬರಿಗೂ ಒಟ್ಟಿಗೆ ನನ್ನ ನೆನಪು ಬಂತು.

"ಅಂದ್ರೆ ನೀವು," ಹೆಂಡತಿ ಕಣ್ಣೊರೆಸಿಕೊಂಡು ಕೇಳಿದಳು, "ನಾಲ್ಕು ದಿನ ರಜೆ ಹಾಕಿ, ಒಂದೇ ಆಟ ಇಟ್ಕೊಂಡು, ಅದಕ್ಕೂ ಅದಕ್ಕೂ ತಾಳೆ ನೋಡಿದೀರಾ?"

"ಹದಿನಾಲ್ಕು ವ್ಯತ್ಯಾಸ ಬೇರೆ ಹುಡುಕಿದಾರಮ್ಮ," ಎಂದರು ಮಾವ.

"ಆಫೀಸಲ್ಲೂ ಹೀಗೇನಾ ರೀ ಕೆಲಸ ಮಾಡೋದು?"

ನಾನು ನೋಟ್‌ಬುಕ್ಕಿನ ಬೆನ್ನು ಸವರುತ್ತಾ ನಿಂತೆ. ಪುಣ್ಯಕ್ಕೆ ಅವರ ಗಮನ ಬೇರೆ ಕಡೆ ಹೋಯಿತು. ಈಗ ಹೊಸ ಜಗಳ. "ನಿಂದೇ ಇರ್ಲಮ್ಮ, ಹಡಗಲ್ಲಿ ಹೋಗು, ನನ್ನದು ಅಳಿಸಿಬಿಡು." "ಬೇಡಪ್ಪ, ನಿಮ್ಮನೆ ಅದ್ರಲ್ಲೇ ಇದೆ, ಹೊಸದೇ ತೆಗೀತೀನಿ." "ಹಿರಿಯರ ಮಾತು ಕೇಳು." "ನೀವು ಹಟ ಮಾಡ್ಬೇಡಿ." ಮೊದಲಿನ ಜಗಳಕ್ಕೂ ಇದಕ್ಕೂ ದನಿಯಲ್ಲಿ ಏನೇನೂ ವ್ಯತ್ಯಾಸವಿರಲಿಲ್ಲ. ಕೊನೆಗೆ, "ಎರಡೂ ಹಾಗೇ ಇರ್ಲಿ, ಹೆಚ್ಚುವರಿ ಭಾಗವೇ ಬೇಡ" ಎಂದು ರಾಜಿಯಾಗಿ, ಮಾವ ಹುರುಪಿನಿಂದ ಕಂಟ್ರೋಲರ್ ಕೈಗೆತ್ತಿಕೊಂಡರು. "ಬಾ, ಗಿರಣಿಯೋಳ ಬಾತುಕೋಳಿ ವಾಪಸ್ ಕೊಟ್ಟು ಬರೋಣ."

ನಾನು ಟಿವಿಗೆ ಅಡ್ಡ ನಿಂತೆ. "ಮಾವ, ಒಂದ್ ನಿಮಿಷ," ಎಂದೆ. "ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಇದೆ..."

ಟಿವಿಯಲ್ಲಿ ಒಂದೇ ಚಿತ್ರವಿತ್ತು. ಅದರಲ್ಲಿ ಕತ್ತಿ ಹಿಡಿದವನ ಹಿಂದೆ, ಬೆಟ್ಟದಾಚೆ, ವಿಶಾಲವಾದ ನೀಲಿ ಸಮುದ್ರವಿತ್ತು. ನಾಲ್ಕು ದಿನ ಅದು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲವೋ ಆ ದೇವರೇ ಬಲ್ಲ. ಮಾವನ ಆಟ ಯಾವ ಖಾತೆಯಲ್ಲೂ ಇರಲಿಲ್ಲ. ಡಬ್ಬದಲ್ಲಿದ್ದುದು ಒಂದೇ ಪ್ರತಿಯಂತೆ. ಯಾರ ಖಾತೆಯಿಂದ ಅಳಿಸಿದರೂ ಇಬ್ಬರಿಗೂ ಹೋಗುತ್ತದಂತೆ.

ಮಾವ ಕಂಟ್ರೋಲರನ್ನು ಮೆಲ್ಲಗೆ ಕೆಳಗಿಟ್ಟರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. "ಹೋಯ್ತಾ," ಎಂದರು, ಅಷ್ಟೇ. ನಾನು ನಿಜವಾಗಿಯೂ ಭೂಮಿಗೆ ಇಳಿದುಹೋದೆ.

ಹೆಂಡತಿ ಆಗಲೇ ಡಬ್ಬದ ಮುಂದೆ ಕೂತು ಏನೇನೋ ಒತ್ತುತ್ತಿದ್ದಳು. "ಗಾಬರಿ ಆಗ್ಬೇಡಿ ಅಪ್ಪ. ನೀವು ಆಡಿದ್ದು, ಮನೆ, ಗಂಟೆ, ಚಮಚ, ಎಲ್ಲ ಉಳ್ಕೊಂಡಿದೆ. ಆಟ ಮಾತ್ರ ಮತ್ತೆ ಇಂಟರ್‌ನೆಟ್ಟಿಂದ ಇಳಿಸ್ಕೋಬೇಕು. ನಮ್ಮ ಲೈನಿಗೆ ಮೂರು ದಿನ ಹಿಡಿಯುತ್ತೆ. ಅಲ್ಲಿವರೆಗೂ ಡಬ್ಬ ಯಾರೂ ಮುಟ್ಟೋ ಹಾಗಿಲ್ಲ." ಕೊನೆಯ ಮಾತನ್ನು ನನ್ನ ಮುಖ ನೋಡಿ ಹೇಳಿದಳು.

ನಾನು ನಿಟ್ಟುಸಿರು ಬಿಟ್ಟೆ. ಮೂರು ದಿನ ತಾನೆ, ಕಳೆದುಹೋಗುತ್ತದೆ ಎಂದುಕೊಂಡೆ. ಮೂರ್ಖ! ಒಂದೊಂದು ಲೋಕವನ್ನು ಆಳಿ ಅಭ್ಯಾಸವಿರುವ ಇಬ್ಬರನ್ನು ಲೋಕವಿಲ್ಲದೆ ಒಂದೇ ಸೋಫಾದಲ್ಲಿ ಕೂರಿಸಿದರೆ ಏನಾಗುತ್ತದೆ ಎಂದು ಯೋಚಿಸಲೇ ಇಲ್ಲ. ಮೊದಲ ದಿನ ಭಾನುವಾರ, ಬೆಳಿಗ್ಗೆ ಹತ್ತು ನಿಮಿಷ ಇಬ್ಬರೂ ಕಪ್ಪು ಟಿವಿ ನೋಡಿದರು. ಆಮೇಲೆ ಮನೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಳಿಯಂದ್ರೇ," ಎಂದರು ಮಾವ, ಆಟದೊಳಗಿನ ಮುದುಕನ ಗದ್ಗದ ಕಂಠದಲ್ಲಿ. "ಬಚ್ಚಲುಮನೆಯ ಬಲ್ಬು ಕೆಟ್ಟು ಒಂದು ತಿಂಗಳಾಯ್ತು. ಅದನ್ನ ಸರಿಮಾಡಬಲ್ಲವರು ನೀವೊಬ್ಬರೇ."

ತಪ್ಪಿತಸ್ಥನಾಗಿದ್ದೆ. "ಆಯ್ತು ಮಾವ" ಎಂದೆ. ಅಣಬೆ ಕೀಳಲು ನನಗೆ ಎಲ್ಲಿಯ ಅವಕಾಶ? ಬಲ್ಬಿನ ಅಂಗಡಿಯವನು ಹೋಲ್ಡರು ಬೇರೆ ಎಂದ. ಹೋಲ್ಡರು ಬಿಚ್ಚಲು ಏಣಿ ಬೇಕು. ಏಣಿ ಮೇಲಿನ ಮನೆಯವರ ಹತ್ತಿರ. ಮೇಲಿನ ಮನೆಯಾಕೆ, "ಮೊದಲು ನಮ್ಮ ಬೆಕ್ಕು ಹುಡುಕಿಕೊಡಿ" ಎಂದಳು. ಬೆಕ್ಕು ಹಿಡಿದು, ಏಣಿ ತಂದು, ಹೋಲ್ಡರು ಹಾಕಿ, ಬಲ್ಬು ಹೊತ್ತಿಸಿ ಇಳಿಯುವಷ್ಟರಲ್ಲಿ ಹಾಲಿನಿಂದ ಚಪ್ಪಾಳೆ ಕೇಳಿಸಿತು. ಹೆಂಡತಿ ನನ್ನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಮನೆಗೆಲಸಗಳ ಪಟ್ಟಿ ಮಾಡಿ ಬಲ್ಬಿಗೆ ಗುರುತು ಹಾಕುತ್ತಿದ್ದಳು. ಅದರಲ್ಲಿ ಖಾಲಿ ಹಾಳೆಗಳು ಇನ್ನೂ ಬೇಕಾದಷ್ಟಿದ್ದವು.

ಎರಡನೆಯ ದಿನ ಅವಳೂ ರಜೆ ಹಾಕಿದಳು, ನನ್ನ ರಜೆಯನ್ನೂ ಮುಂದುವರಿಸಿದಳು. ನನಗೆ ತೂಕದ ಮಿತಿ ಎಷ್ಟು ಎಂದು ಮಾರುಕಟ್ಟೆಯಲ್ಲಿ ಪರೀಕ್ಷೆಯಾಯಿತು. ಎರಡು ಚೀಲದಿಂದ ಆರಕ್ಕೆ ಏರಿಸಿದರು. ಏಳನೆಯದಕ್ಕೆ ನನ್ನ ವೇಗ ಕಮ್ಮಿಯಾಯಿತೆಂದು ಒಂದನ್ನು ಇಳಿಸಿದರು. ಎಲ್ಲಿಗೆ ಹೋಗಬೇಕು, ಯಾರ ಹತ್ತಿರ ಏನು ಕೇಳಬೇಕು, ಎಲ್ಲವನ್ನೂ ಸೋಫಾದಲ್ಲಿ ಕೂತು ಫೋನಿನ ವಿಡಿಯೊದಲ್ಲಿ ನೋಡುತ್ತಾ ಇಬ್ಬರೂ ಸೇರಿ ನಡೆಸುತ್ತಿದ್ದರು. "ಎಡಕ್ಕೆ ತಿರುಗಿಸಿ ಅಪ್ಪ." "ಬೇಡಮ್ಮ, ಸೀದಾ ಹೋಗ್ಲಿ, ಆ ದರ್ಜಿ ಹತ್ರ ಏನೋ ಇರುತ್ತೆ." ದರ್ಜಿಯ ಹತ್ತಿರ ನನ್ನ ಮೂರು ವರ್ಷದ ಹಿಂದಿನ ಪ್ಯಾಂಟು ಇತ್ತು. ಫೋನಿನಲ್ಲಿ ಇಬ್ಬರೂ ಹೋ ಎಂದು ಕೂಗಿದರು.

ಮೂರನೆಯ ದಿನ ಸಂಜೆ, ಹಿತ್ತಲ ಬಾಗಿಲಿನ ಕೀಲಿಗೆ ಎಣ್ಣೆ ಹಾಕಿ, ಅಟ್ಟದ ಪೆಟ್ಟಿಗೆಗಳನ್ನು ಗಾತ್ರದ ಪ್ರಕಾರ ಜೋಡಿಸಿ, ಬೆನ್ನು ಹಿಡಿದುಕೊಂಡು ಒಳಗೆ ಬಂದಾಗ ಡಬ್ಬದ ದೀಪ ಹಸಿರಾಗಿತ್ತು. ಆಟ ಪೂರ್ತಿ ಇಳಿದಿತ್ತು! ನನಗಾದ ಆನಂದ ಅಷ್ಟಿಷ್ಟಲ್ಲ. ಓಡಿಹೋಗಿ ಟಿವಿ ಹಾಕಿದೆ. ಕಂಟ್ರೋಲರನ್ನು ಅಂಗಿಗೆ ಒರೆಸಿ ಎರಡೂ ಕೈಯಲ್ಲಿ ಹಿಡಿದು ಮಾವನ ಮುಂದೆ ನಿಂತೆ.

"ಮಾವ, ಬಂತು! ನಿಮ್ಮ ಮನೆ, ನಿಮ್ಮ ಗಂಟೆ, ಗಿರಣಿಯಾಕೆ, ಎಲ್ಲ ಬಂತು. ಆಡಿ ಮಾವ, ದಯವಿಟ್ಟು ಆಡಿ."

ಮಾವ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. ಪೆನ್ನಿನ ತುದಿ ಪಟ್ಟಿಯ ಮೇಲೆ ಓಡುತ್ತಿತ್ತು. "ಇರ್ಲಿ ಬಿಡಿ ಅಳಿಯಂದ್ರೇ. ಇಲ್ಲಿ ಇನ್ನೂ ಹನ್ನೊಂದು ಬಾಕಿ ಇದೆ."

"ನಿನ್ನದಾದರೂ ಆಡು..." ಎಂದು ಹೆಂಡತಿಯ ಕಡೆ ನೋಡಿದೆ.

ಅವಳು ಅಪ್ಪನ ಭುಜಕ್ಕೆ ಒರಗಿಕೊಂಡು ಅದೇ ಪಟ್ಟಿ ನೋಡುತ್ತಿದ್ದಳು. ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದಿದ್ದ ಸಂತೋಷ. "ಎರಡೂ ಅಳಿಸಿಬಿಡೋಣ ಅಪ್ಪ," ಎಂದಳು. "ಇದೇ ಎಲ್ಲಕ್ಕಿಂತ ಚೆನ್ನಾಗಿದೆ. ಡಬ್ಬದಲ್ಲಿ ಒಂದಿಷ್ಟೂ ಜಾಗ ಹಿಡಿಯಲ್ಲ."

"ಅದೂ ನಿಜ," ಎಂದರು ಮಾವ. "ಈಗ ಟೆರೇಸಿಗೆ ಕಳಿಸು. ನೀರಿನ ಟ್ಯಾಂಕು ನೋಡಿಲ್ಲ ಇನ್ನೂ."

ನಾನು ಬಕೆಟ್ಟು ಎತ್ತಿಕೊಂಡು ಮೆಟ್ಟಿಲು ಹತ್ತಿದೆ.